ಲೈಟ್ ಮೀಟರ್ ನೋಡಿ ಎಕ್ಸ್‌ಪೋಷರ್ ನಿರ್ಧರಿಸುವ ಕ್ರಮ

ಲೈಟ್ ಮೀಟರ್ ಅಳೆಯುವುದು ಬೆಳಕನ್ನು ಮಾತ್ರ. ಎದುರಿಗಿರುವುದು ಕಪ್ಪು ಕಲ್ಲೋ ಬಿಳಿ ಪಂಚೆಯೋ ಎಂಬುದು ಅದಕ್ಕೆ ತಿಳಿಯದು. ಕ್ಯಾಮೆರಾದೊಳಗಿನ ಮೀಟರ್, ವಸ್ತುವಿನಿಂದ ಪ್ರತಿಫಲಿಸಿ ಬಂದ ಬೆಳಕನ್ನು ಅಳೆದು, ಆ ವಸ್ತು ಚಿತ್ರದಲ್ಲಿ ನಡುವಣ ಬೂದು ಬಣ್ಣವಾಗಿ ಮೂಡುವಂತಹ ಎಕ್ಸ್‌ಪೋಷರನ್ನು, ಅಂದರೆ ಫಿಲ್ಮ್ ಅಥವಾ ಸೆನ್ಸರಿಗೆ ತಲುಪಬೇಕಾದ ಬೆಳಕಿನ ಪ್ರಮಾಣವನ್ನು, ಸೂಚಿಸುತ್ತದೆ. ಸುಮಾರು ಶೇ. 18ರಷ್ಟು ಬೆಳಕನ್ನು ಪ್ರತಿಫಲಿಸುವ ಗ್ರೇ ಕಾರ್ಡ್ ಈ ಬೂದಿಗೆ ರೂಢಿಯ ಮಾದರಿಯಾಗಿದೆ.

ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಹೊರಗೋಡೆಯ ಶಿಲ್ಪವೊಂದನ್ನು ನೆರಳಿನಲ್ಲಿ ಚಿತ್ರಿಸುತ್ತಿದ್ದೇವೆ ಎನ್ನೋಣ. ಅಲ್ಲಿನ ಬಳಪದ ಕಲ್ಲು ಮಾಸಲು ಕಪ್ಪು. ಐಎಸ್‌ಒ (ಫಿಲ್ಮ್ ಅಥವಾ ಸೆನ್ಸರಿನ ಬೆಳಕಿನ ಸಂವೇದನೆ) 100ರಲ್ಲಿ ಕ್ಯಾಮೆರಾ ಎಫ್ 8 (ಲೆನ್ಸಿನ ತೆರಪಿನ ಅಳತೆ) ಮತ್ತು 1/30 ಸೆಕೆಂಡ್ ಶಟರ್ ವೇಗ ಎಂದು ಸೂಚಿಸಿದರೆ, ಅದನ್ನು ಹಾಗೆಯೇ ಒಪ್ಪಿಕೊಂಡಾಗ ಕಲ್ಲು ಬೂದಿ ಬಳಿದಂತೆ ಪೇಲವವಾಗುತ್ತದೆ. ಒಂದು ಸ್ಟಾಪ್ ತಗ್ಗಿಸಿ, ಅಂದರೆ ಬೆಳಕನ್ನು ಅರ್ಧಕ್ಕೆ ಇಳಿಸಿ, 1/60ಕ್ಕೆ ತಂದರೆ ಕಲ್ಲಿನ ನಿಜವಾದ ಗಾಢತೆ ಉಳಿಯುತ್ತದೆ. ಚೌಕಟ್ಟಿನ ತುಂಬ ಬಿಳಿ ಬಟ್ಟೆಯಿದ್ದರೆ ಇದಕ್ಕೆ ವಿರುದ್ಧವಾಗಿ ಒಂದರಿಂದ ಎರಡು ಸ್ಟಾಪ್ ಹೆಚ್ಚಿಸಬೇಕು.

ಈ ತಿದ್ದುಪಡಿಯ ಗೊಡವೆಯೇ ಬೇಡವೆನ್ನುವವರಿಗೆ, ವಸ್ತುವಿನ ಮೇಲೆ ಬೀಳುವ ಬೆಳಕನ್ನೇ ಅಳೆಯುವ ಕೈ ಮೀಟರ್ ಅತ್ಯುತ್ತಮ ಸಾಧನವೆಂದು ನನ್ನ ದೃಢ ಅಭಿಪ್ರಾಯ. ಮೊದಲು ಮೀಟರಿನಲ್ಲಿ ಐಎಸ್‌ಒ ಹೊಂದಿಸಿ, ಶಿಲ್ಪದ ಬಳಿಯೇ ಅದನ್ನು ಹಿಡಿದು, ಬಿಳಿ ಗುಮ್ಮಟವನ್ನು ಕ್ಯಾಮೆರಾದ ಕಡೆಗೆ ತಿರುಗಿಸಿ ಗುಂಡಿ ಒತ್ತಬೇಕು. ನಮ್ಮ ಮೈಯ ನೆರಳು ಗುಮ್ಮಟದ ಮೇಲೆ ಬೀಳದಂತೆ ತೋಳನ್ನು ಚಾಚಿ ಹಿಡಿಯುವುದು ಅಗತ್ಯ. ಶಿಲ್ಪ ಎತ್ತರದಲ್ಲಿದ್ದು ಕೈಗೆಟುಕದಿದ್ದರೆ ಅದರ ಮೇಲಿರುವಂತಹ ಬೆಳಕೇ ಇರುವ ಬೇರೊಂದು ಜಾಗದಲ್ಲಿ ಅಳೆಯಬಹುದು. ಆದರೆ ಶಿಲ್ಪ ನೆರಳಿನಲ್ಲಿರುವಾಗ ನಾವು ಬಿಸಿಲಿನಲ್ಲಿ ನಿಂತು ಅಳೆದರೆ ಚಿತ್ರ ಖಂಡಿತ ಕಪ್ಪಾಗುತ್ತದೆ.

ದೀಪ, ಸೂರ್ಯಾಸ್ತದ ಆಕಾಶದಂತಹ, ತಾವೇ ಬೆಳಗುವ ವಸ್ತುಗಳಿಗೆ ಈ ವಿಧಾನ ಒಗ್ಗದು. ಅಲ್ಲಿ ಸ್ಪಾಟ್ ಮೀಟರ್ ಬೇಕು; ಕೈಯಲ್ಲಿ ಹಿಡಿಯುವ ಉತ್ತಮ ಸ್ಪಾಟ್ ಮೀಟರುಗಳು ಕೇವಲ ಒಂದು ಡಿಗ್ರಿಯಷ್ಟು ಕಿರಿದಾದ ಭಾಗವನ್ನು ಅಳೆಯುತ್ತವೆ. ಅಮೆರಿಕದ ಛಾಯಾಗ್ರಾಹಕರಾದ ಆನ್ಸೆಲ್ ಆಡಮ್ಸ್ ಮತ್ತು ಫ್ರೆಡ್ ಆರ್ಚರ್ ರೂಪಿಸಿದ, ಚಿತ್ರದ ಛಾಯೆಗಳನ್ನು ಕಪ್ಪಿನಿಂದ ಬಿಳುಪಿನವರೆಗೆ ಹಂತಗಳಾಗಿ ವಿಂಗಡಿಸುವ ಝೋನ್ ಪದ್ಧತಿಯಲ್ಲಿ, ವಿವರಗಳು ಕಾಣಲೇಬೇಕಾದ ಗಾಢ ನೆರಳನ್ನು ಹೀಗೆ ಅಳೆದು, ಮೀಟರ್ ಹೇಳಿದ್ದಕ್ಕಿಂತ ಎರಡು ಸ್ಟಾಪ್ ಕಡಿಮೆ ಕೊಡುವುದು ರೂಢಿ. ಈ ಕ್ರಮ ನೆಗೆಟಿವ್ ಫಿಲ್ಮಿಗೆ ಸಲ್ಲುತ್ತದೆ. ಸ್ಲೈಡ್ ಫಿಲ್ಮ್ ಮತ್ತು ಡಿಜಿಟಲ್ ಕ್ಯಾಮೆರಾಗಳಲ್ಲಿ ಅತಿ ಬೆಳಕಿಗೆ ಅಳಿಸಿಹೋದ ವಿವರ ಮರಳಿ ಬಾರದ ಕಾರಣ, ಅಲ್ಲಿ ಬೆಳಕಿನ ಭಾಗವನ್ನೇ ಮೊದಲು ಕಾಪಾಡಬೇಕು.

ಲೆನ್ಸಿನ ಮುಂದೆ ಹಾಕಿದ ಫಿಲ್ಟರ್ ಕೈ ಮೀಟರಿಗೆ ಗೊತ್ತಾಗದು. ಫಿಲ್ಟರ್ ನುಂಗುವ ಬೆಳಕನ್ನು ನಾವೇ ಲೆಕ್ಕಕ್ಕೆ ಸೇರಿಸಬೇಕು. ಹಳೆಯ ಸೆಲೆನಿಯಂ ಮೀಟರುಗಳಿಗೆ ಬ್ಯಾಟರಿ ಬೇಕಿಲ್ಲವಾದರೂ ವರ್ಷಗಳು ಕಳೆದಂತೆ ಅವುಗಳ ಶಕ್ತಿ ಕುಂದುತ್ತದೆ. ಅಂಥದ್ದನ್ನು ಕೊಳ್ಳುವ ಮುನ್ನ, ಮೋಡವಿಲ್ಲದ ನಡುಹಗಲಿನ ಬಿಸಿಲಿನಲ್ಲಿ ಐಎಸ್‌ಒ 100ಕ್ಕೆ ಅದು ಎಫ್ 16 ಮತ್ತು 1/125 ಸೆಕೆಂಡಿನ ಆಸುಪಾಸು ತೋರಿಸುತ್ತದೆಯೇ ಎಂದು ಪರೀಕ್ಷಿಸಿ.