ಜಾಹೀರಾತು ಕರೆಗಳ ಕಾಟವನ್ನು ತಡೆಯುವ ಬಗೆ

ಊಟಕ್ಕೆ ಕುಳಿತಾಗಲೋ, ಮನೆಯ ಹಿರಿಯರು ಆಗಷ್ಟೇ ನಿದ್ದೆಗೆ ಜಾರಿದಾಗಲೋ ಸಾಲ, ವಿಮೆ, ನಿವೇಶನ ಎಂದು ಬರುವ ಕರೆಗಳನ್ನು ಸಹಿಸಿಕೊಂಡೇ ಇರಬೇಕಾಗಿಲ್ಲ. ಮೊದಲು ನಿಮ್ಮ ಮೊಬೈಲಿನಿಂದ 1909ಕ್ಕೆ ಕರೆ ಮಾಡಿ, ಎಲ್ಲ ಬಗೆಯ ಜಾಹೀರಾತುಗಳೂ ಬೇಡವೆಂದು ನೋಂದಾಯಿಸಿಕೊಳ್ಳಿ; ಬ್ಯಾಂಕಿನ ಒಟಿಪಿಯಂತಹ ಅಗತ್ಯ ಸಂದೇಶಗಳು ಇದರಿಂದ ನಿಲ್ಲುವುದಿಲ್ಲ.

ಅನಂತರವೂ ಕರೆ ಬಂದರೆ ಆ ಸಂಖ್ಯೆಯನ್ನು ಬ್ಲಾಕ್ ಮಾಡಿ ಸುಮ್ಮನಾಗುವವರೇ ಹೆಚ್ಚು. ಆದರೆ ಮಾರಾಟಗಾರರು ಮರುದಿನ ಬೇರೊಂದು ಸಂಖ್ಯೆಯಿಂದ ಕರೆಯಬಹುದಾದ್ದರಿಂದ, ದೂರು ಕೊಡುವುದೇ ಸರಿಯಾದ ದಾರಿ ಎಂಬುದು ನನ್ನ ದೃಢವಾದ ಅಭಿಪ್ರಾಯ. ಕರೆ ಬಂದ ಸಂಖ್ಯೆ, ದಿನಾಂಕ ಮತ್ತು ಮಾತಿನ ಸಾರಾಂಶವನ್ನು ಬರೆದಿಟ್ಟುಕೊಂಡು, 7 ದಿನಗಳೊಳಗೆ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್‌ನ ಡಿಎನ್‌ಡಿ (ಡು ನಾಟ್ ಡಿಸ್ಟರ್ಬ್) ಆ್ಯಪ್ ಮೂಲಕವೋ 1909ರ ಮೂಲಕವೋ ದೂರು ಸಲ್ಲಿಸಿ.

140ರಿಂದ ಆರಂಭವಾಗುವ ಸಂಖ್ಯೆಗಳು ನೋಂದಾಯಿತ ಜಾಹೀರಾತುದಾರರವು. ಸಾಮಾನ್ಯ ಹತ್ತಂಕಿಯ ಮೊಬೈಲ್ ಸಂಖ್ಯೆಯಿಂದ ವ್ಯಾಪಾರದ ಮಾತೆತ್ತುವವರೇ ನಿಯಮ ಮೀರುವವರು. ಅವರ ಮೇಲೆ ದೂರು ಕೊಡಲು ಈಗ ಮುಂಚಿತ ನೋಂದಣಿಯೂ ಬೇಕಿಲ್ಲ. ನೋಂದಣಿ ಪ್ರತಿ ಸಂಖ್ಯೆಗೂ ಪ್ರತ್ಯೇಕವಾದ್ದರಿಂದ, ಊರಿನಲ್ಲಿರುವ ಅಪ್ಪ ಅಮ್ಮಂದಿರ ಫೋನಿನಿಂದಲೂ ತಪ್ಪದೆ ಮಾಡಿಸಿ.