ಮಡ್ಡಿ ಹೊಲದ ಬ್ರೌನ್, ಎಳ್ಳಮಾವಾಸ್ಯೆಯ ಚಳಿ

ಈ ಸಲದ ಎಳ್ಳಮಾವಾಸ್ಯೆ ದಿನ ಬೆಳಿಗ್ಗೆ 6.30ಕ್ಕೆ, ವಿಜಯಪುರದ ಹೊರಗಿರುವ ನಮ್ಮ ಮಡ್ಡಿ ಹೊಲದಲ್ಲಿ ನಾಲ್ಕು ಜನ ಗೆಳೆಯರು ಗಾಲ್ಫ್ ಆಡಿದೆವು. ಇಲ್ಲಿ ಹೋಲ್ ಸುತ್ತ ಹುಲ್ಲಿನ ಗ್ರೀನ್ ಇಲ್ಲ, ಎಣ್ಣೆ ಬೆರೆಸಿದ ಮರಳಿನ ದುಂಡು ಇದೆ, ಅದಕ್ಕೇ ಬ್ರೌನ್ ಅನ್ನೋದು. ಫೋನು 9 ಡಿಗ್ರಿ ತೋರಿಸುತ್ತಿತ್ತು. ಒಬ್ಬರು ಕರಿ ಕಂಬಳಿ ಹೊದ್ದೇ ಬಂದಿದ್ದರು. ಮೂರು ವರ್ಷದಿಂದ ಈ ಜನರೇ ನನಗೆ "ಸಾಹೇಬ್ರ, ಹುಲ್ಲಿಲ್ಲದ ಗಾಲ್ಫ್ ಅಂದ್ರ ಎಣ್ಣಿ ಇಲ್ಲದ ಒಗ್ಗರಣಿ ಇದ್ದಂಗ್ರಿ" ಅನ್ನುತ್ತಿದ್ದರು. ಅವತ್ತು ಒಂಬತ್ತೂ ಹೋಲ್ ಆಡಿ ಮುಗಿಸಿದ ಮೇಲೆ ಯಾರೂ ಹಾಗೆ ಅನ್ನಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ನಾನೂ ಹುಲ್ಲೇ ಹಾಕಿಸಿದ್ದೆ. ಹುಲ್ಲು, ಡ್ರಿಪ್, ಕೂಲಿ ಎಲ್ಲ ಸೇರಿ 40 ಸಾವಿರದ ಹತ್ತಿರ ಹೋಯಿತು. ಏಪ್ರಿಲ್‌ನಲ್ಲಿ ಬೋರ್ ನೀರು ಕಮ್ಮಿಯಾಯಿತು, ಹುಲ್ಲು ಒಣಗಿತು, ಉಳಿದಿದ್ದನ್ನು ಪಕ್ಕದ ಹೊಲದ ದನ ಮೇಯ್ದವು. ಆಮೇಲೆ ಮರಳಿನ ಬ್ರೌನ್ ಮಾಡೋದು ಅಂತ ಹಟ ಹಿಡಿದೆ. ಅಮೆರಿಕದ ಪೈನ್‌ಹರ್ಸ್ಟ್ ನಂಬರ್ 2ರಂಥ ದೊಡ್ಡ ಕೋರ್ಸಿನಲ್ಲೇ 1935ರ ತನಕ ಮರಳಿನ ಗ್ರೀನ್ ಇತ್ತು, ನಮಗೇನು ಕಡಿಮೆ ಅಂತ ಗೆಳೆಯರಿಗೆ ಹೇಳಿ ಹೇಳಿ ಸಾಕಾಗಿತ್ತು.

ಒಂದು ಬ್ರೌನ್ ಅಂದರೆ 30 ಅಡಿ ಅಗಲದ ದುಂಡು, ಮರಳು ಒಂದೂವರೆ ಇಂಚು ದಪ್ಪ. ಹೆಚ್ಚುಕಮ್ಮಿ ಒಂದು ಬ್ರಾಸ್, ಅಂದರೆ ನೂರು ಘನ ಅಡಿ, ಹಿಡಿಯುತ್ತದೆ. ಮೊದಲು ಅಗ್ಗ ಅಂತ ಎಂ-ಸ್ಯಾಂಡ್ ತಂದೆ, ದಂಡ. ಅದರಲ್ಲಿ ಪುಡಿ ಜಾಸ್ತಿ, ಎಣ್ಣೆ ಕುಡಿದು ಮುದ್ದೆಯಾಯಿತು. ಹೊಳೆ ಮರಳನ್ನೇ ತರಿಸಿ ಸಾಣಿಗೆ ಹಿಡಿಸಿದೆ. ಎಣ್ಣೆ ಮಣ್ಣಿಗೆ ಇಳಿಯಬಾರದು ಅಂತ ಕೆಳಗೆ ಕೃಷಿಹೊಂಡದ ಉಳಿದ ಶೀಟ್ ಹಾಸಿದೆ. ಅಲ್ಲೂ ಒಂದು ಪೆಟ್ಟು ತಿಂದೆ. ಸೆಪ್ಟೆಂಬರ್ ಮಳೆಗೆ ಶೀಟ್ ತಟ್ಟೆಯ ಹಾಗೆ ನೀರು ಹಿಡಿದು ಮರಳೆಲ್ಲ ತೇಲಿತು. ಪೂರ್ತಿ ಬಗೆದು ತೆಗೆದು, ಒಂದು ಕಡೆ ಇಳಿಜಾರು ಕೊಟ್ಟು, ನೀರು ಹರಿದು ಬರೋ ಜಾಗದಲ್ಲಿ ಒಂದು ಗುಂಡಿ ಮಾಡಿ, ಅದಕ್ಕೂ ಶೀಟ್ ಹಾಕಿದ ಮೇಲೆ ಸರಿಹೋಯಿತು. ಹೋಲ್‌ಗೆ 110 ಎಂಎಂ ಪಿವಿಸಿ ಪೈಪಿನ ತುಂಡು. ಒಳಗಿನ ಅಳತೆ ನಿಯಮದ 108 ಎಂಎಂಗಿಂತ ಚೂರು ಕಮ್ಮಿ ಬರುತ್ತದೆ, ಅದರಲ್ಲೇ ಆಡುತ್ತೇವೆ.

ಎಣ್ಣೆ ವಿಷಯದಲ್ಲಿ ಮಾತ್ರ ನಾನು ಬಹಳ ಆಟ ಆಡಿದ್ದೇನೆ. ಗ್ಯಾರೇಜಿನ ಹಳೇ ಎಂಜಿನ್ ಎಣ್ಣೆ ಬೇಡ, ನಮ್ಮ ಕಡೆಯ ಎಣ್ಣೆಯೇ ಇರಲಿ ಅಂತ ಒಂದು ಮೂಲೆಯಲ್ಲಿ ಶೇಂಗಾ ಎಣ್ಣೆ ಹಾಕಿ ನೋಡಿದೆ. ಮೂರೇ ದಿನಕ್ಕೆ ಇರುವೆ ಸಾಲು ಹಚ್ಚಿದವು, ಇಲಿ ಕೆದರಿದವು. ಇನ್ನೊಂದು ಮೂಲೆಗೆ ಕುಸುಬೆ ಎಣ್ಣೆ ಹಾಕಿದೆ. ಕುಸುಬೆ ಎಣ್ಣೆ ಗಾಳಿಗೆ ಒಣಗಿ ವಾರ್ನಿಶ್ ಹಾಗೆ ಅಂಟಾಗುತ್ತದೆ ಅಂತ ಆಗ ಕಣ್ಣಾರೆ ನೋಡಿದೆ. ಒಂದು ತಿಂಗಳಿಗೆ ಆ ಜಾಗ ಚಕ್ಕುಲಿಯಂತೆ ಗಟ್ಟಿ! ಕೊನೆಗೆ ಹಳೇ ಎಂಜಿನ್ ಎಣ್ಣೆಯೇ ಗತಿ. ಬ್ರೌನಿಗೆ 100 ಲೀಟರ್ ಆಸುಪಾಸು ಹೋಯಿತು. ಬಾವಿಯಿಂದ ಬಲು ದೂರ ಇಟ್ಟಿದ್ದೇನೆ, ಅದರಲ್ಲಿ ರಾಜಿ ಇಲ್ಲ. ಆದರೆ ಚಳಿಗೆ ಆ ಎಣ್ಣೆ ದಪ್ಪಗಾಗಿ ಚೆಂಡು ನಿಧಾನವಾಗುತ್ತದೆ, ಅದಕ್ಕೆ ಡಿಸೆಂಬರ್‌ನಲ್ಲಿ ಒಂದು ಚೂರು ಇನ್ನೊಂದನ್ನು ಬೆರೆಸುತ್ತೇನೆ. ಅದೇನು, ಎಷ್ಟು ಅನ್ನೋದು ನನ್ನ ಹತ್ತಿರವೇ ಇರಲಿ. ಮೂರು ಬ್ರೌನಿಗೆ ಹುಲ್ಲಿನ ಖರ್ಚು ಬಿಟ್ಟು 35 ಸಾವಿರ ಆಗಿರಬೇಕು.

ಎಳ್ಳಮಾವಾಸ್ಯೆ ದಿನ ಇಬ್ಬನಿ ಸುರಿದಿತ್ತು. ಹಿಂದೊಂದು ಚಳಿಗಾಲದಲ್ಲಿ ಇದೇ ನಾಲ್ವರು ಹುಲ್ಲಿನ ಗ್ರೀನ್ ಮೇಲೆ ಆಡಿದ್ದೆವು, ಚೆಂಡು ನೀರು ಚಿಮ್ಮಿಸುತ್ತಾ ಅರ್ಧ ದಾರಿಗೇ ನಿಲ್ಲುತ್ತಿತ್ತು, ನಿಯಮದ ಪ್ರಕಾರ ಇಬ್ಬನಿ ಒರೆಸೋ ಹಾಗೂ ಇಲ್ಲ. ಇಲ್ಲಿ ಎಣ್ಣೆ ಮರಳಿನ ಮೇಲೆ ಇಬ್ಬನಿ ಮಣಿಯಂತೆ ಕೂತಿತ್ತು. ಹಲಗೆಗೆ ಕಟ್ಟಿದ ಗೋಣಿಚೀಲ ಒಂದು ಸಲ ಎಳೆದರೆ ಹೋಲ್ ತನಕ ದಾರಿ ಸಿದ್ಧ. ನನ್ನ ಇಡೀ ಲೆಕ್ಕಾಚಾರ ಇದರ ಮೇಲೇ ನಿಂತಿತ್ತು, ಅದು ನಿಜವಾಯಿತು.

ಮೂರು ಹೋಲ್, ಮೂರು ಸುತ್ತು. 130 ಗಜದ್ದಕ್ಕೆ ನನಗೆ ಎಂಟರ ಐರನ್ ಕೋಲು ಸಾಕು (ನಂಬರ್ ಕಮ್ಮಿಯಾದಷ್ಟೂ ಚೆಂಡು ದೂರ ಹೋಗುತ್ತದೆ), ಅವತ್ತಿನ ಚಳಿಗೆ ಏಳರಲ್ಲಿ ಹೊಡೆದರೂ ಹತ್ತು ಗಜ ಮುಂಚೆಯೇ ಬಿತ್ತು. ಎರಡನೇ ಸುತ್ತಿಗೆ ಆರು ತಗೊಂಡು ಅರ್ಧ ಕೈಯಲ್ಲಿ ಹೊಡೆದೆ, ಬ್ರೌನಿನ ಅಂಚಿಗೆ ಬಿದ್ದು ಉರುಳಿ ಒಳಗೆ ಹೋಯಿತು. ಡಾಕ್ಟರ್ ಗೆಳೆಯರು ತೊಗರಿ ಕಟ್ಟಿಗೆಯ ಬೆಂಕಿಗೆ ಚೆಂಡು ಹಿಡಿದಿದ್ದರು. ಚೆಂಡು ಕಾಯಿಸಿ ಆಡೋ ಹಾಗಿಲ್ಲ ಡಾಕ್ಟ್ರೇ, ಕೈ ಕಾಯಿಸಿಕೊಳ್ಳಿ ಅಂದೆ, ಬದಲಾಯಿಸಿದರು. ನನ್ನದು ಒಟ್ಟು 33 ಹೊಡೆತ. ಮೊದಲ ಸಲ ಎಲ್ಲರಿಗಿಂತ ಕಮ್ಮಿ, ಅಂದರೆ ಗೆದ್ದೆ.

ಕೊನೇ ಹೋಲ್‌ನಲ್ಲಿ ಕಂಬಳಿಯವರಿಗೆ 15 ಅಡಿ ಪಟ್, ಅಂದರೆ ಚೆಂಡನ್ನು ಹೋಲ್‌ಗೆ ಉರುಳಿಸೋ ಹೊಡೆತ, ಇತ್ತು. ಎಲ್ಲರಿಗಿಂತ ಜಾಸ್ತಿ ಅನುಮಾನ ಪಟ್ಟವರು ಅವರೇ. ಕಂಬಳಿ ತೆಗೆದು ನನ್ನ ಕೈಗೆ ಕೊಟ್ಟು, ತಾವೇ ಗೋಣಿ ಎಳೆದು ದಾರಿ ಮಾಡಿಕೊಂಡು, ಸುಮ್ನೆ ಒಂದು ನಿಮಿಷ ನಿಂತರು. ಚೆಂಡು ಗೆರೆ ಬಿಡದೆ ಹೋಗಿ ಪೈಪಿನಲ್ಲಿ ಟಕ್ ಅಂತ ಬಿತ್ತು. "ದೋಸ್ತ, ಹುಲ್ಲಿನ ಮ್ಯಾಲೆ ನನಗ ಇದು ಎಂದೂ ಬಿದ್ದಿದ್ದಿಲ್ಲ" ಅಂದರು.

ಅಷ್ಟರಲ್ಲಿ ಮನೆಯವರು ಬುತ್ತಿ ತಂದರು. ಚರಗ ಚೆಲ್ಲಿ, ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹೋಳಿಗೆ ತಿಂದು, ಹತ್ತೂವರೆ ಬಿಸಿಲಲ್ಲಿ ಇನ್ನೊಂದು ಸುತ್ತು ಆಡಿದೆವು. ಎಣ್ಣೆ ಸಡಿಲಾಗಿ ಬ್ರೌನ್ ಎಷ್ಟು ಜೋರಾಗಿತ್ತೆಂದರೆ ಮೊದಲ ಪಟ್‌ಗಳೆಲ್ಲ ಹೋಲ್ ದಾಟಿ ಹೋದವು.