ಎಚ್ ಗೇಟ್ ಡಾಗ್ ಬಾಕ್ಸಿನಲ್ಲಿ ಕ್ಲಚ್ ತುಳಿಯದೆ ಗೇರ್: ನನ್ನ ಅನುಭವ

ಸೀಕ್ವೆನ್ಷಿಯಲ್ ಬಾಕ್ಸ್ (ಲಿವರ್ ಹಿಂದೆ ಮುಂದೆ ಆಡಿಸಿದಂತೆ ಗೇರ್ ಸಾಲಾಗಿ ಬದಲಾಗುವ ಗೇರ್‌ಬಾಕ್ಸ್) ಇಲ್ಲದವರು ಫ್ಲ್ಯಾಟ್ ಶಿಫ್ಟಿನ (ಆಕ್ಸಿಲರೇಟರ್ ಬಿಡದೆ, ಕ್ಲಚ್ ತುಳಿಯದೆ ಗೇರ್ ಏರಿಸುವುದರ) ಮಾತೆತ್ತಬಾರದು ಎಂದು ನನಗೆ ಬುದ್ಧಿ ಹೇಳಿದವರಲ್ಲಿ ಇಬ್ಬರು ಈಗ ನನ್ನ ಲಿವರಿನ ಫೋಟೊ ಕೇಳುತ್ತಿದ್ದಾರೆ. ಹಾಗಾಗಿ ಬರೆಯುತ್ತಿದ್ದೇನೆ. ನನ್ನ ರೇಸ್ ಕಾರಿನದು ಐದು ಗೇರಿನ ಎಚ್ ಗೇಟ್ ಬಾಕ್ಸ್ (ಲಿವರ್ H ಆಕಾರದಲ್ಲಿ ಓಡಾಡುವಂಥದ್ದು), ಒಳಗೆ ಡಾಗ್ ರಿಂಗ್, ಅಂದರೆ ಗೇರಿನ ಬದಿಯ ದಪ್ಪ ಹಲ್ಲುಗಳಿಗೆ ನೇರವಾಗಿ ಕಚ್ಚುವ ಉಂಗುರ. ಎಂಜಿನ್ 7,500 ಆರ್‌ಪಿಎಂವರೆಗೆ (ನಿಮಿಷಕ್ಕೆ ಅಷ್ಟು ಸುತ್ತು) ತಿರುಗುತ್ತದೆ. ಆಕ್ಸಿಲರೇಟರ್ ನೆಲಕ್ಕೆ ಒತ್ತಿಕೊಂಡೇ, ಎಡಗಾಲು ಎತ್ತದೆ ಒಂದು ಸೀಸನ್ ಓಡಿಸಿ ಬಾಕ್ಸ್ ಬಿಚ್ಚಿದೆ. ಭೂತಗನ್ನಡಿ ಹಿಡಿದು ನೋಡಿದರೆ ಮೂರು ಮತ್ತು ನಾಲ್ಕರ ಡಾಗ್ ಹಲ್ಲುಗಳ ಮೂಲೆಯಲ್ಲಿ ಕೂದಲೆಳೆಯಷ್ಟು ಅಗಲದ ಹೊಳಪು ಗೆರೆ, ಅಷ್ಟೇ. ಅದೇ ರಿಂಗುಗಳನ್ನು ಮತ್ತೆ ಹಾಕಿದ್ದೇನೆ.

ಇದಕ್ಕೆ ಮೊದಲು ಹಾಳಾದದ್ದರ ಪಟ್ಟಿ ಉದ್ದವಿದೆ. ಸಿಂಕ್ರೋ ಬಾಕ್ಸಿನಲ್ಲೇ (ಹಿತ್ತಾಳೆ ಉಂಗುರ ಉಜ್ಜಿ ವೇಗ ಸರಿಹೊಂದಿಸುವ ಮಾಮೂಲಿ ಗೇರ್‌ಬಾಕ್ಸ್) ಕಾಲು ಸ್ವಲ್ಪ ಸಡಿಲಿಸಿ ಲಿವರ್ ಎಳೆಯುವ ಪದ್ಧತಿ ಎಲ್ಲರಿಗೂ ಗೊತ್ತು. ರಸ್ತೆಯಲ್ಲಿ ನಡೆಯುತ್ತದೆ, ಟ್ರ್ಯಾಕಿನಲ್ಲಿ ನಡೆಯುವುದಿಲ್ಲ. ಕ್ಲಚ್ ತುಳಿಯದೇ ಇರುವಾಗ ಆ ಪುಟ್ಟ ಹಿತ್ತಾಳೆ ಉಂಗುರ ಇನ್‌ಪುಟ್ ಶಾಫ್ಟನ್ನಷ್ಟೇ ಅಲ್ಲ, ಇಡೀ ಎಂಜಿನನ್ನೇ ನಿಧಾನಿಸಬೇಕು. ಮೂರನೇ ಗೇರಿನ ಸಿಂಕ್ರೋ ಕೆಲವೇ ದಿನಗಳಲ್ಲಿ ಸುಟ್ಟು ಕಪ್ಪಾಯಿತು. ಡಾಗ್ ರಿಂಗ್ ಸೆಟ್ಟಿಗೆ ಕೊಟ್ಟ ಹಣದಲ್ಲಿ ಎರಡು ಸೆಟ್ ಸ್ಲಿಕ್ ಟೈರ್ ಬರುತ್ತಿತ್ತು. ಮನೆಯಲ್ಲಿ ಆ ಲೆಕ್ಕ ಇನ್ನೂ ಚುಕ್ತಾ ಆಗಿಲ್ಲ.

ಡಾಗ್ ಹಾಕಿಸಿದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಲೆಕ್ಕ ನೋಡಿ. ಮೂರನೆಯದು 1.50, ನಾಲ್ಕನೆಯದು 1.20 ಅನುಪಾತ ಎಂದಿಟ್ಟುಕೊಂಡರೆ 7,500ರಲ್ಲಿ ಗೇರ್ ಬದಲಿಸಿದಾಗ ಎಂಜಿನ್ 6,000ಕ್ಕೆ ಇಳಿಯಬೇಕು. ಆ ಕ್ಷಣದಲ್ಲಿ ನಾಲ್ಕನೇ ಗೇರಿಗೂ ಅದರ ಡಾಗ್ ರಿಂಗಿಗೂ ನಡುವೆ ಸುಮಾರು 1,250 ಆರ್‌ಪಿಎಂ ವ್ಯತ್ಯಾಸವಿರುತ್ತದೆ. ಆರು ಹಲ್ಲಿನ ರಿಂಗಾದರೆ 8 ಮಿಲಿಸೆಕೆಂಡಿಗೊಂದು ಸಂದು ಎದುರಾಗುತ್ತದೆ, ಅದರಲ್ಲೂ ಅರ್ಧ ಹೊತ್ತು ಹಲ್ಲೇ ಅಡ್ಡ. ರಿಂಗ್ ಒಂದು ಮಿಲಿಮೀಟರಿನಷ್ಟು ಒಳಗೆ ಕಚ್ಚಿದರೆ ಸಾಕು, ಹಲ್ಲಿನ ಒಳಓರೆಯೇ (ಒಳಮುಖವಾಗಿ ಓರೆ ಕೊರೆದ ಬದಿ) ಉಳಿದದ್ದನ್ನು ಎಳೆದುಕೊಳ್ಳುತ್ತದೆ. ಅಷ್ಟೂ ಕಚ್ಚದೆ ಮೂಲೆಯ ಮೇಲೆ ಜಾರಿದರೆ ಕಟಕಟ ಸದ್ದು, ಮರುದಿನ ಡ್ರೇನ್ ಪ್ಲಗ್ಗಿನ ಮ್ಯಾಗ್ನೆಟ್ ಮೇಲೆ ಚೂರು. ಬೂದು ಪೇಸ್ಟ್ ಕಂಡರೆ ನನಗೆ ಚಿಂತೆಯಿಲ್ಲ. ಬೆರಳಿಗೆ ಚುಚ್ಚುವ ಚೂರು ಸಿಕ್ಕಿದರೆ ಬಾಕ್ಸ್ ಬಿಚ್ಚುತ್ತೇನೆ.

ಒಳಗೆ ಕಚ್ಚುವುದಕ್ಕೂ ಮೊದಲು ಹಳೆಯ ಗೇರ್ ಬಿಡಬೇಕಲ್ಲ. ಅದೇ ಒಳಓರೆ ಲೋಡ್ ಇರುವಷ್ಟು ಹೊತ್ತೂ ರಿಂಗನ್ನು ಹಿಡಿದಿಟ್ಟುಕೊಂಡಿರುತ್ತದೆ. ಟಾರ್ಕ್ ಸೊನ್ನೆ ದಾಟುವ ಗಳಿಗೆಯಲ್ಲಿ ಮಾತ್ರ ಅದು ಬಿಡುತ್ತದೆ. ಕಾಲಿನಿಂದ ಥ್ರಾಟಲ್ ಅರೆಬರೆ ಬಿಡುವವರು ಡಾಗ್ ಹಲ್ಲುಗಳನ್ನು ತಿನ್ನುವುದು ಇಲ್ಲೇ. ಟಾರ್ಕಿನ ಕಡಿತವನ್ನು (ಕಟ್) ಕಾಲಿಗೆ ಬಿಡಬಾರದು, ಕಿಡಿಗೆ ಬಿಡಬೇಕು.

ಮೊದಲ ಪ್ರಯೋಗ ಅಗ್ಗದ್ದು: ಲಿವರಿನ ಬುಡದಲ್ಲಿ ಮೈಕ್ರೋ ಸ್ವಿಚ್, ಕಿಡಿ ಹಾರಿಸುವ ಕಾಯಿಲ್‌ಗಳ ಸಪ್ಲೈ ತಪ್ಪಿಸಲು ಒಂದು ರಿಲೇ. ಎರಡೂ ಸೇರಿ ಒಂದು ಡಬ್ಬ ಎಂಜಿನ್ ಆಯಿಲ್‌ನಷ್ಟೂ ಬೆಲೆಯಿಲ್ಲ. ಎಂಜಿನ್ ಬಡಿಯಲು ಶುರುವಾಯಿತು. ಕಾಯಿಲ್ ಚಾರ್ಜ್ ಆಗುತ್ತಿರುವಾಗ ನಡುವೆಯೇ ಕರೆಂಟ್ ತಪ್ಪಿಸಿದರೆ ಕಿಡಿ ನಿಲ್ಲುವುದಿಲ್ಲ, ಆಗಲೇ ಹಾರುತ್ತದೆ. 7,500ರಲ್ಲಿ 3 ಮಿಲಿಸೆಕೆಂಡ್ ಎಂದರೆ ಕ್ರ್ಯಾಂಕಿನ 135 ಡಿಗ್ರಿ. ಅಷ್ಟು ಮುಂಚಿತವಾಗಿ ಕಿಡಿ ಹಾರಿದರೆ ಯಾವ ಪಿಸ್ಟನ್ ಸುಮ್ಮನಿರುತ್ತದೆ? ಆದ್ದರಿಂದ ಕಟ್ ಕೊಡುವುದಾದರೆ ಇಸಿಯು (ಎಂಜಿನ್ ಆಳುವ ಕಂಪ್ಯೂಟರ್) ಒಳಗಿನಿಂದಲೇ ಕೊಡಬೇಕು. ಮುಂದಿನ ಚಾರ್ಜ್ ಆರಂಭವಾಗದಂತೆ ತಡೆಯಬೇಕೇ ಹೊರತು ಆರಂಭವಾದದ್ದನ್ನು ಕತ್ತರಿಸಬಾರದು. ಫ್ಯೂಯಲ್ ಕಟ್ ಕೂಡ ನೋಡಿದೆ. ಇನ್‌ಟೇಕ್ ಗೋಡೆಯ ಪೆಟ್ರೋಲ್ ಒಣಗಿ, ಟಾರ್ಕ್ ಮರಳುವಾಗ ಎಂಜಿನ್ ಕೆಮ್ಮುತ್ತಿತ್ತು. ಕಿಡಿಯನ್ನೇ ಕತ್ತರಿಸಿದರೆ ಸೈಲೆನ್ಸರ್ ಢಮ್ ಎನ್ನುತ್ತದೆ, ಎನ್ನಲಿ.

ಇನ್ನು ಕಟ್ ಎಷ್ಟು ಹೊತ್ತಿರಬೇಕು ಎಂಬ ಪ್ರಶ್ನೆ. 7,500ರಲ್ಲಿ ಎಂಜಿನ್ನಿನ ಒಂದು ಪೂರ್ತಿ ಆವರ್ತಕ್ಕೆ (ಕ್ರ್ಯಾಂಕಿನ ಎರಡು ಸುತ್ತು) 16 ಮಿಲಿಸೆಕೆಂಡ್ ಬೇಕು. ಅದಕ್ಕಿಂತ ಕಡಿಮೆ ಕೊಟ್ಟರೆ ಎಲ್ಲ ಸಿಲಿಂಡರುಗಳಿಗೂ ಸುದ್ದಿ ಮುಟ್ಟುವುದಿಲ್ಲ. 40 ಕೊಟ್ಟೆ, ಡಾಗ್ ಕಚ್ಚುವ ಮೊದಲೇ ಟಾರ್ಕ್ ಮರಳಿತು. ಎಲ್ಲಕ್ಕೂ 120 ಕೊಟ್ಟೆ, ಕಾರು ಪ್ರತಿ ಗೇರಿಗೂ ಮೂಗು ಬಗ್ಗಿಸಿ ನಮಸ್ಕಾರ ಮಾಡಿತು. ಮೂರರಿಂದ ನಾಲ್ಕಕ್ಕೆ ನೇರ ಎಳೆತ, ನೆನಪಿದ್ದಂತೆ 65ರ ಆಸುಪಾಸಿನಲ್ಲಿ ಸಾಕಾಗುತ್ತಿತ್ತು. ಎರಡರಿಂದ ಮೂರಕ್ಕೆ ಗೇಟ್ ದಾಟಬೇಕು, ನೂರು ದಾಟಿತು. ಅದೂ ಕೈ ದಣಿದ ದಿನ ಬೇರೆ, ದಣಿಯದ ದಿನ ಬೇರೆ. ಗಡಿಯಾರ ಕಟ್ಟಿಕೊಂಡು ಎಚ್ ಗೇಟ್ ಆಳುವುದು ಆಗದ ಮಾತು ಎಂದು ನನ್ನನ್ನು ಟೀಕಿಸಿದವರು ಹೇಳಿದ್ದು ಇಲ್ಲಿಯವರೆಗೆ ನಿಜ.

ಗಡಿಯಾರವನ್ನೇ ಕಿತ್ತೆಸೆದೆ. ಕಟ್ ಆರಂಭವಾಗುವುದು ಲಿವರಿನ ಮೇಲಿನ ಬಲದಿಂದ, ಮುಗಿಯುವುದು ಎಂಜಿನ್ ವೇಗದಿಂದ. ಬಲ ಅಳೆಯುವ ರೆಡಿಮೇಡ್ ಲೋಡ್ ಸೆಲ್ ಲಿವರಿಗೆ ನನ್ನ ಬಾಕ್ಸಿನ ಕಾಲು ಭಾಗದ ಬೆಲೆ ಹೇಳಿದರು. ನಾನು ಲಿವರಿನ ಕತ್ತನ್ನು ಎರಡೂ ಕಡೆ ಚಪ್ಪಟೆಯಾಗಿ ಮಿಲ್ ಮಾಡಿಸಿ ನಾಲ್ಕು ಸ್ಟ್ರೇನ್ ಗೇಜ್ (ಲೋಹ ಬಾಗುವುದನ್ನು ಅಳೆಯುವ ಪಟ್ಟಿ) ಅಂಟಿಸಿದೆ. ಮೊದಲ ಅಂಟು ಗೇರ್‌ಬಾಕ್ಸ್ ಮೇಲಿನ ಟನಲ್ಲಿನ ಕಾವಿಗೆ ಬಿಟ್ಟುಕೊಂಡಿತು. ಆಂಪ್ಲಿಫೈಯರನ್ನು ಡ್ಯಾಶ್ ಹಿಂದೆ ಇಟ್ಟಿದ್ದಾಗ ಕಾಯಿಲ್‌ಗಳ ಗಲಾಟೆ ವೈರಿಗೆ ನುಗ್ಗಿ, ನೇರ ರಸ್ತೆಯಲ್ಲಿ ಯಾರೂ ಮುಟ್ಟದೆ ಕಿಡಿ ಕಟ್ಟಾಗುತ್ತಿತ್ತು. ಅದನ್ನು ಲಿವರಿಗೇ ಅಂಟಿಸಿ, ಶೀಲ್ಡ್ ಇರುವ ವೈರ್ ಎಳೆದ ಮೇಲೆ ಶಾಂತವಾಯಿತು. ಕರ್ಬ್ ಮೇಲೆ ಹತ್ತಿದಾಗ ಕೈಯ ಭಾರಕ್ಕೇ ಕಟ್ ಆಗದಂತೆ ಮಿತಿಯನ್ನು ಲಿವರಿನ ತುದಿಯ ಗುಂಡಿಯ ಬಳಿ 6-7 ಕಿಲೋ ಬಲಕ್ಕೆ ಇಟ್ಟಿದ್ದೇನೆ.

ಸೀಕ್ವೆನ್ಷಿಯಲ್‌ನವರಿಗೆ ಇಲ್ಲದ ತೊಡಕೊಂದು ನಮಗಿದೆ. ಅವರಿಗೆ ಎಳೆದರೆ ಏರಿಕೆ, ತಳ್ಳಿದರೆ ಇಳಿಕೆ. ನಮ್ಮಲ್ಲಿ ಎರಡರಿಂದ ಮೂರಕ್ಕೆ ತಳ್ಳಿದರೆ ಏರಿಕೆ, ನಾಲ್ಕರಿಂದ ಮೂರಕ್ಕೆ ತಳ್ಳಿದರೆ ಇಳಿಕೆ. ಬಲದ ದಿಕ್ಕು ಏನನ್ನೂ ಹೇಳುವುದಿಲ್ಲ. ಪರಿಹಾರ ಸರಳ: ಥ್ರಾಟಲ್ ಮುಕ್ಕಾಲಿಗಿಂತ ಹೆಚ್ಚು ತೆರೆದಿದ್ದು, ಎಂಜಿನ್ 5,000 ದಾಟಿದ್ದರೆ ಮಾತ್ರ ಕಟ್. ಅಷ್ಟು ಆಕ್ಸಿಲರೇಟರ್ ಒತ್ತಿಕೊಂಡು ಗೇರ್ ಇಳಿಸುವವನಿಗೆ ನನ್ನ ಇಸಿಯು ಜವಾಬ್ದಾರಿಯಲ್ಲ.

ಕಟ್ ಮುಗಿಸುವುದು ಹೇಗೆ ಎಂಬುದರಲ್ಲೇ ನನ್ನ ಹೆಮ್ಮೆ ಇದೆ. ಬರಿ ಕಿಡಿ ನಿಂತಾಗ ಎಂಜಿನ್ ವೇಗ ನಿಧಾನವಾಗಿ ಇಳಿಯುತ್ತದೆ, ನನ್ನದರಲ್ಲಿ 60 ಮಿಲಿಸೆಕೆಂಡಿಗೆ 250 ಆರ್‌ಪಿಎಂ ಇರಬಹುದು. ಡಾಗ್ ಕಚ್ಚಿದ ಗಳಿಗೆಯಲ್ಲಿ ಉಳಿದ ಸಾವಿರ ಚಿಲ್ಲರೆ ಒಮ್ಮೆಲೇ ಕುಸಿಯುತ್ತದೆ. ಕ್ರ್ಯಾಂಕಿನ ಹಲ್ಲು ಚಕ್ರದಲ್ಲಿ ಆ ಕುಸಿತ ಸ್ಪಷ್ಟವಾಗಿ ಕಾಣುತ್ತದೆ. ಕಾರಿನ ಚಕ್ರದ ವೇಗಕ್ಕೆ ಮುಂದಿನ ಗೇರಿನಲ್ಲಿ ಎಂಜಿನ್ ಎಷ್ಟಿರಬೇಕೋ ಅಲ್ಲಿಗೆ ಬಂದು ನಿಂತಿದ್ದರೆ ಗೇರ್ ಬಿದ್ದಿದೆ ಎಂದೇ ಅರ್ಥ; ಆಗ ಕಿಡಿಯನ್ನು ಮೊದಲು ತಡವಾಗಿ ಹಾರಿಸಿ, ಮೆಲ್ಲಗೆ ಪೂರ್ತಿ ಟಾರ್ಕಿಗೆ ಬರಬೇಕು. ರಿಂಗ್ ಸರಿಸುವ ಫೋರ್ಕಿಗೆ ಸೆನ್ಸರ್ ಬೇಕಿಲ್ಲ. 150 ಮಿಲಿಸೆಕೆಂಡಿನೊಳಗೆ ಕುಸಿತ ಕಾಣದಿದ್ದರೆ ರೆವ್ ಮಿತಿಯನ್ನು ತಗ್ಗಿಸಿಟ್ಟುಕೊಂಡೇ ಕಿಡಿ ವಾಪಸ್. ಕ್ರ್ಯಾಂಕ್ ಸಿಗ್ನಲ್ಲನ್ನು ಎಷ್ಟು ಹಲ್ಲುಗಳ ಸರಾಸರಿಯಲ್ಲಿ ಸೋಸುತ್ತೇನೆ, ಟಾರ್ಕ್ ಯಾವ ಇಳಿಜಾರಿನಲ್ಲಿ ಮರಳುತ್ತದೆ ಎಂಬುದನ್ನು ಬರೆಯುವುದಿಲ್ಲ. ಮುಂದಿನ ಸೀಸನ್ನಿನಲ್ಲಿ ನಿಮ್ಮ ಜೊತೆಗೇ ಓಡಬೇಕಾದವನು ನಾನು.

ಇದೆಲ್ಲಕ್ಕಿಂತ ಹೆಚ್ಚು ಉಪಕಾರ ಮಾಡಿದ್ದು ಲಿಂಕೇಜ್, ಲಿವರನ್ನು ಬಾಕ್ಸಿಗೆ ಸೇರಿಸುವ ಕೊಂಡಿ. ಕೇಬಲ್ ಇದ್ದಾಗ ನಾನು ಎಳೆದದ್ದರಲ್ಲಿ ಅರ್ಧ ಅದು ಹಿಗ್ಗುವುದಕ್ಕೇ ಹೋಗುತ್ತಿತ್ತು. ಬುಷ್ ಬದಲಿಗೆ ರೋಸ್ ಜಾಯಿಂಟ್ (ಲೋಹದ ಗುಂಡು ಕೀಲು) ಹಾಕಿದ ಗಟ್ಟಿ ರಾಡ್ ಕೂರಿಸಿದ ಮೇಲೆ ಕಟ್ ಬಿದ್ದ ಕೂಡಲೇ ಫೋರ್ಕ್ ಹಾರುತ್ತದೆ. ಪೂರ್ತಿ ಗಟ್ಟಿ ಮಾಡಿದರೂ ಕೆಡುತ್ತದೆ. ಒಂದು ಕಡೆ ಮಾತ್ರ ಸ್ವಲ್ಪ ಸ್ಪ್ರಿಂಗುತನ ಉಳಿಸಿದ್ದೇನೆ, ಎಲ್ಲಿ ಎಂದು ಕೇಳಬೇಡಿ.

ನಡುವೆ ಹಳೆಯ ಸಿಂಕ್ರೋ ಬಾಕ್ಸ್ ಬಿದ್ದಿತ್ತಲ್ಲ, ಡ್ರ್ಯಾಗ್ ರೇಸಿನ ಹಳಬರಂತೆ ಸಿಂಕ್ರೋ ಉಂಗುರ ಕಿತ್ತು, ಒಂದು ಬಿಟ್ಟು ಒಂದು ಹಲ್ಲು ಗ್ರೈಂಡ್ ಮಾಡಿ ನೋಡಿದೆ. ಸಂದು ದೊಡ್ಡದಾಗಿ ಗೇರ್ ಬೆಣ್ಣೆಯಂತೆ ಬೀಳುತ್ತದೆ. ಆದರೆ ತಿರುವಿನಲ್ಲಿ ಥ್ರಾಟಲ್ ಬಿಟ್ಟು ಹಿಡಿದಾಗಲೆಲ್ಲ ಹಿಂದಿನ ಚಕ್ರಗಳಿಗೆ ಧಡ್ ಎಂದು ಒದೆತ. ನೇರ ಓಟಕ್ಕೆ ಸರಿ, ನಮಗಲ್ಲ. ಹಗುರ ಫ್ಲೈವೀಲ್ ಮಾತ್ರ ಹಾಕಿದ ಹಣಕ್ಕೆ ಮೋಸವಿಲ್ಲ, ಡಾಗ್ ಮೇಲೆ ಬೀಳುವ ಹೊಡೆತ ಕೇಳಿಸುವಷ್ಟು ಕಡಿಮೆಯಾಯಿತು.

ಇಳಿಕೆಯನ್ನು ಕೇಳುತ್ತೀರಿ. ಬ್ರೇಕ್ ಹಿಡಿದಾಗ ಎಂಜಿನ್ನೇ ಎಳೆತಕ್ಕೆ ಸಿಕ್ಕಿರುತ್ತದೆ, ಹಾಗಾಗಿ ಅಲ್ಲಿ ಬೇಕಾದದ್ದು ಕಟ್ ಅಲ್ಲ, ಚುರುಕಾದ ಬ್ಲಿಪ್, ಥ್ರಾಟಲನ್ನು ಕ್ಷಣ ಒತ್ತಿ ಬಿಡುವುದು. ಲೋಡ್ ಬಿಡಿಸುವುದೂ ವೇಗ ಏರಿಸುವುದೂ ಅದೇ. ನನ್ನದು ಕೇಬಲ್ ಥ್ರಾಟಲ್, ತಾನಾಗಿ ಬ್ಲಿಪ್ ಕೊಡುವ ಮೋಟರಿನ ಬೆಲೆ ಕೇಳಿ ಸುಮ್ಮನಾದೆ. ಒಣ ಟ್ರ್ಯಾಕಿನಲ್ಲಿ ಹಿಮ್ಮಡಿಯಿಂದ ಬ್ಲಿಪ್ ಕೊಟ್ಟು ಕ್ಲಚ್ ಇಲ್ಲದೆ ಇಳಿಸುತ್ತೇನೆ. ಮಳೆಯಲ್ಲಿ ಕ್ಲಚ್ ತುಳಿಯುತ್ತೇನೆ, ಹಿಂದಿನ ಚಕ್ರ ಲಾಕ್ ಆಗಿ ಹೊರಗೆ ಹೋಗುವುದಕ್ಕಿಂತ ಅದು ಅಗ್ಗ.